4 ಓಮ್ ಸ್ಪೀಕರಿಗೆ ರಿಸೀವರ್ ಸಾಕೇ, ಪ್ರತ್ಯೇಕ ಆಂಪ್ಲಿಫೈಯರ್ ಬೇಕೇ?

ಬೆಳಗಾವಿಯ ನಿಮ್ಮ ಮನೆಯಲ್ಲಿ 4 ಓಮ್‌ನ (ಓಮ್ ಎಂದರೆ ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ) ಒಂದು ಜೋಡಿ ಟವರ್ ಸ್ಪೀಕರುಗಳಿವೆ, ‘ಕನಿಷ್ಠ 6 ಓಮ್’ ಎಂದು ಹಿಂಬದಿಯಲ್ಲಿ ಅಚ್ಚಾಗಿರುವ, ಆಂಪ್ಲಿಫೈಯರ್ ಒಳಗೇ ಇರುವ ರಿಸೀವರ್ ಇದೆ, ದನಿಯನ್ನು ಸ್ವಲ್ಪ ಏರಿಸಿದರೂ ಅದು ತಾನಾಗಿ ಆರಿಹೋಗುತ್ತಿದೆ. ಇನ್ನೂ ದೊಡ್ಡ ರಿಸೀವರ್ ಕೊಳ್ಳಬೇಕೇ, ಇದಕ್ಕೇ ಒಂದು ಪವರ್ ಆಂಪ್ಲಿಫೈಯರ್ ಸೇರಿಸಬೇಕೇ ಎಂದು ಕೇಳಿದ್ದೀರಿ. ರಿಸೀವರಿನಲ್ಲಿ ಪ್ರಿ-ಔಟ್ (ಹೊರಗಿನ ಆಂಪ್ಲಿಫೈಯರಿಗೆ ಸಿಗ್ನಲ್ ಕೊಡುವ ಸಾಕೆಟ್) ಇದ್ದರೆ ಎರಡು ಚಾನೆಲ್‌ಗಳ ಪವರ್ ಆಂಪ್ಲಿಫೈಯರ್ ಸೇರಿಸುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಆದರೆ ಹಣ ತೆರುವ ಮೊದಲು ಒಂದೆರಡು ಪರೀಕ್ಷೆಗಳನ್ನು ಮಾಡಲೇಬೇಕು.

ಇದೇ ತೊಂದರೆಯನ್ನು ನಾನು ವಿಜಯಪುರದ ನನ್ನ ಮನೆಯಲ್ಲಿ ಒಂದು ಇಡೀ ಬೇಸಿಗೆ ಅನುಭವಿಸಿದ್ದೇನೆ. ಹಾಡುಗಾರಿಕೆ ವಿಲಂಬಿತದಲ್ಲಿ ಇರುವವರೆಗೆ ಎಲ್ಲವೂ ಸರಿಯಾಗಿರುತ್ತಿತ್ತು. ದ್ರುತಕ್ಕೆ ಬಂದು ತಬಲಜಿ ಡಗ್ಗಾದ ಮೇಲೆ ಒತ್ತಿ ಬಾರಿಸಿದ ಕ್ಷಣಕ್ಕೆ ಒಳಗಿನ ರಿಲೇ (ಸ್ಪೀಕರಿನ ಸಂಪರ್ಕ ಕಡಿಯುವ ಸ್ವಿಚ್) ‘ಟಕ್’ ಎಂದು ಬಿಟ್ಟುಕೊಂಡು, ಕೆಂಪು ದೀಪ ಮಿಟುಕತೊಡಗುತ್ತಿತ್ತು. ಗಾಜಿನ ಬಾಗಿಲಿನ ಶೋಕೇಸಿನಲ್ಲಿದ್ದ ರಿಸೀವರಿನ ಮೇಲೆ ಅಂಗೈ ಇಟ್ಟರೆ ಐದು ಎಣಿಸುವಷ್ಟರಲ್ಲಿ ಕೈ ತೆಗೆಯಬೇಕಾಗುತ್ತಿತ್ತು. ಕೆಟ್ಟಿದೆಯೆಂದು ರಿಪೇರಿಗೆ ಒಯ್ದೆ. ಅದು ಕೆಟ್ಟಿರಲಿಲ್ಲ, ತನ್ನನ್ನು ತಾನು ಕಾಪಾಡಿಕೊಳ್ಳುತ್ತಿತ್ತು.

ಕಾರಣವೇನೆಂದರೆ, ಆಂಪ್ಲಿಫೈಯರ್ ಕೊಡುವುದು ವೋಲ್ಟೇಜನ್ನು, ಅದರಿಂದ ಎಷ್ಟು ಕರೆಂಟ್ ಎಳೆಯಬೇಕೆಂದು ನಿರ್ಧರಿಸುವುದು ಸ್ಪೀಕರ್. 20 ವೋಲ್ಟ್ ಕೊಟ್ಟಾಗ 8 ಓಮ್‌ನ ಸ್ಪೀಕರ್ 2.5 ಆಂಪಿಯರ್ ಎಳೆದು 50 ವ್ಯಾಟ್ ಪಡೆಯುತ್ತದೆ. 4 ಓಮ್‌ನದು ಅಷ್ಟೇ ವೋಲ್ಟೇಜಿಗೆ 5 ಆಂಪಿಯರ್ ಎಳೆದು 100 ವ್ಯಾಟ್ ಪಡೆಯುತ್ತದೆ. ಕೇಳಲು ಇದು ಲಾಭವೆನಿಸಿದರೂ, ಔಟ್‌ಪುಟ್ ಟ್ರಾನ್ಸಿಸ್ಟರುಗಳು ಕಾಯುವ ಪ್ರಮಾಣವೂ ಜೊತೆಯಲ್ಲೇ ಇಮ್ಮಡಿಯಾಗುತ್ತದೆ, ಮತ್ತು ಐದೋ ಏಳೋ ಚಾನೆಲ್‌ಗಳನ್ನು ಒಂದೇ ಟ್ರಾನ್ಸ್‌ಫಾರ್ಮರ್ ಸಾಕುತ್ತಿರುವ ರಿಸೀವರಿಗೆ ಈ ಹೊರೆ ಬಹಳ ಬೇಗ ಮಿತಿಮೀರುತ್ತದೆ. ಸ್ಪೀಕರಿನ ಮೇಲೆ ಬರೆದ 4 ಓಮ್ ಕೂಡ ಹೆಸರಿಗಷ್ಟೇ ಇರುವ ಸಂಖ್ಯೆ. ಇಂಪಿಡೆನ್ಸ್ ಎನ್ನುವ ಈ ತಡೆ ಸ್ವರದೊಂದಿಗೆ ಏರಿಳಿಯುತ್ತಲೇ ಇರುತ್ತದೆ. ಅಂತರರಾಷ್ಟ್ರೀಯ ಮಾನದಂಡವು ನಮೂದಿಸಿದ ಸಂಖ್ಯೆಯ ಶೇ. 80ರ ತನಕ, ಅಂದರೆ 3.2 ಓಮ್‌ವರೆಗೆ, ಇಳಿಯಲು ಅವಕಾಶ ಕೊಡುತ್ತದೆ; ಅದಕ್ಕೂ ಕೆಳಗೆ ಇಳಿಯುವ ಸ್ಪೀಕರುಗಳೂ ಮಾರುಕಟ್ಟೆಯಲ್ಲಿವೆ.

ಮೊದಲು ರಿಸೀವರನ್ನು ಆರಿಸಿ, ಪ್ಲಗ್ ಕಿತ್ತು, ವೈರಿನ ತುದಿಗಳನ್ನು ಬೆಳಕಿನಲ್ಲಿ ನೋಡಿ. ತಾಮ್ರದ ಕೂದಲೆಳೆಯಷ್ಟು ತಂತಿ ಪಕ್ಕದ ಟರ್ಮಿನಲ್ಲಿಗೆ ತಾಗುತ್ತಿದ್ದರೂ ರಿಸೀವರ್ ಹೀಗೆಯೇ ಆರುತ್ತದೆ. ಆಮೇಲೆ ವೈರ್ ಕಳಚಿ, ಮಲ್ಟಿಮೀಟರನ್ನು ಸ್ಪೀಕರಿನ ಎರಡು ಟರ್ಮಿನಲ್ಲುಗಳಿಗೆ ಹಿಡಿಯಿರಿ. ಮೀಟರ್ ತೋರಿಸುವುದು ಡಿಸಿ ರೋಧವೇ ಹೊರತು ಇಂಪಿಡೆನ್ಸ್ ಅಲ್ಲ. ಆದರೂ 3ರಿಂದ 3.5 ಬಂದರೆ ಅದು 4 ಓಮ್‌ನ ವರ್ಗದ್ದು, 6ರ ಆಸುಪಾಸು ಬಂದರೆ 8 ಓಮ್‌ನದು ಎಂದು ತಿಳಿಯಲು ಅಡ್ಡಿಯಿಲ್ಲ. ಒಂದು ಸ್ಪೀಕರಿನ ಅಂಕಿ ಇನ್ನೊಂದಕ್ಕಿಂತ ತೀರ ಕಡಿಮೆ ಬಂದರೆ ದೋಷ ಸ್ಪೀಕರಿನೊಳಗೇ ಇದೆ.

ಸಬ್‌ವೂಫರ್ (ಮಂದ್ರ ನಾದಕ್ಕೆಂದೇ ಇರುವ ಸ್ಪೀಕರ್) ಇದ್ದರೆ, ರಿಸೀವರಿನ ಮೆನುವಿನಲ್ಲಿ ಟವರುಗಳನ್ನು ‘ಸ್ಮಾಲ್’ ಎಂದು ಗುರುತಿಸಿ ಕ್ರಾಸ್‌ಓವರನ್ನು, ಅಂದರೆ ನಾದವನ್ನು ಎರಡಕ್ಕೂ ಹಂಚುವ ಗಡಿಯನ್ನು, 80 ಹರ್ಟ್ಸಿಗೆ ಇಡಿ. ಇಷ್ಟು ದೊಡ್ಡ ಸ್ಪೀಕರನ್ನು ಸಣ್ಣದೆಂದು ಹೇಳಲು ಮನಸ್ಸು ಒಪ್ಪುವುದಿಲ್ಲ, ನನಗೂ ಒಪ್ಪಿರಲಿಲ್ಲ. ಆದರೆ ಹೆಚ್ಚು ಶಕ್ತಿ ಬೇಡುವ ಮಂದ್ರ ನಾದಗಳು ಸಬ್‌ವೂಫರಿನ ಸ್ವಂತ ಆಂಪ್ಲಿಫೈಯರಿಗೆ ಹೋಗುವುದರಿಂದ ರಿಸೀವರಿನ ಹೊರೆ ಗಣನೀಯವಾಗಿ ಇಳಿಯುತ್ತದೆ. ರಿಸೀವರನ್ನು ಕಪಾಟಿನಿಂದ ಹೊರಗೆ ತೆಗೆದು, ಮೇಲೆ ಒಂದು ಗೇಣು ಜಾಗ ಬಿಡಿ. ನಮ್ಮ ಕಡೆಯ ಬೇಸಿಗೆಯಲ್ಲಿ ಕೋಣೆಯೇ 38 ಡಿಗ್ರಿ ಇರುವಾಗ, ಹೀಟ್‌ಸಿಂಕ್ ತನ್ನ ಬಿಸಿಯನ್ನು ಯಾರಿಗೆ ಕೊಡಬೇಕು?

ಮೆನುವಿನಲ್ಲಿ ಕಾಣುವ ‘4 ಓಮ್’ ಆಯ್ಕೆಯನ್ನು ಪರಿಹಾರವೆಂದು ನಂಬಬೇಡಿ. ಬಹುತೇಕ ರಿಸೀವರುಗಳಲ್ಲಿ ಅದು ಒಳಗಿನ ವೋಲ್ಟೇಜನ್ನು ಇಳಿಸುತ್ತದೆ. ಬಿಸಿ ಕಡಿಮೆಯಾಗುವುದು ನಿಜ, ಆದರೆ ಶಕ್ತಿಯೂ ಕಡಿಮೆಯಾಗಿ ದನಿ ಬೇಗ ಒಡೆಯುತ್ತದೆ. ಹಾಗೆ ಒಡೆದ ದನಿಯಿಂದ ತಾರ ನಾದ ನುಡಿಸುವ ಟ್ವೀಟರ್ ಸುಡುವ ಅಪಾಯವಿದೆ. ಸ್ಪೀಕರಿನೊಂದಿಗೆ ಸರಣಿಯಲ್ಲಿ ರೆಸಿಸ್ಟರ್ ಹಾಕಿರೆಂದು ಸಲಹೆ ಕೊಡುವವರೂ ಇದ್ದಾರೆ. ದಯವಿಟ್ಟು ಹಾಕಬೇಡಿ, ಶಕ್ತಿ ಅದರಲ್ಲೇ ಉರಿದುಹೋಗುತ್ತದೆ, ವೂಫರಿನ ಮೇಲಿನ ಹಿಡಿತವೂ ಸಡಿಲಾಗುತ್ತದೆ. ಅದೇ ರಿಸೀವರಿನ ಉಳಿದೆರಡು ಚಾನೆಲ್‌ಗಳನ್ನು ಬಳಸಿ ಬೈ-ಆಂಪ್ ಮಾಡುವುದರಿಂದಲೂ (ವೂಫರಿಗೂ ಟ್ವೀಟರಿಗೂ ಬೇರೆ ಬೇರೆ ಚಾನೆಲ್ ಕೊಡುವುದರಿಂದಲೂ) ಹೆಚ್ಚಿನ ಪ್ರಯೋಜನವಿಲ್ಲ, ಏಕೆಂದರೆ ಟ್ರಾನ್ಸ್‌ಫಾರ್ಮರ್ ಅದೇ ಒಂದು.

ಇಷ್ಟೆಲ್ಲ ಮಾಡಿಯೂ ನೀವು ನಿತ್ಯ ಕೇಳುವ ಮಟ್ಟದಲ್ಲೇ ರಿಸೀವರ್ ಆರುತ್ತಿದ್ದರೆ ಆಂಪ್ಲಿಫೈಯರ್ ಕೊಳ್ಳಿ. ಪೆಟ್ಟಿಗೆಯ ಮೇಲಿನ ದೊಡ್ಡ ವ್ಯಾಟ್ ಅಂಕಿಗೆ ಮರುಳಾಗಬೇಡಿ. ಒಂದೇ ಚಾನೆಲ್, 1 ಕಿಲೋಹರ್ಟ್ಸ್, ಶೇ. 10 ವಿಕೃತಿ ಎಂಬ ಷರತ್ತಿನಲ್ಲಿ ಅಳೆದದ್ದಕ್ಕೆ ಬೆಲೆಯಿಲ್ಲ. ಎರಡೂ ಚಾನೆಲ್ ಒಟ್ಟಿಗೆ ನಡೆಯುತ್ತಿರುವಾಗ, 20 ಹರ್ಟ್ಸಿನಿಂದ 20 ಕಿಲೋಹರ್ಟ್ಸ್‌ವರೆಗೆ, ಶೇ. 0.1ರ ಒಳಗಿನ ವಿಕೃತಿಯಲ್ಲಿ 4 ಓಮ್‌ಗೆ ಎಷ್ಟು ಎಂದು ಬರೆದಿರುವುದನ್ನು ಹುಡುಕಿ. ಆ ಸಂಖ್ಯೆ 8 ಓಮ್‌ನದರ ಇಮ್ಮಡಿಗೆ ಹತ್ತಿರವಿದ್ದಷ್ಟೂ ಅದರ ವಿದ್ಯುತ್ ಪೂರೈಕೆ ಗಟ್ಟಿ. ಸಾಮಾನ್ಯ ಹಜಾರದಲ್ಲಿ ಮೂರು ಮೀಟರ್ ದೂರದಿಂದ ಕೇಳುವವರಿಗೆ 4 ಓಮ್‌ನಲ್ಲಿ 150 ವ್ಯಾಟ್ ಧಾರಾಳವಾಯಿತು. 200 ವ್ಯಾಟ್‌ನದಕ್ಕೆ ಹೆಚ್ಚು ಹಣ ಕೊಟ್ಟರೂ ಸಿಗುವ ಏರಿಕೆ 1.25 ಡೆಸಿಬೆಲ್ ಮಾತ್ರ, ಅದು ಕಿವಿಗೆ ಗೊತ್ತಾಗುವುದೇ ಕಷ್ಟ. ನಮ್ಮ ಬಿಸಿಲಿಗೆ ಕಡಿಮೆ ಕಾಯುವ ಕ್ಲಾಸ್-ಡಿ ಎಂಬ ಬಗೆಯ ಆಂಪ್ಲಿಫೈಯರೇ ಮೇಲು ಎಂದು ನಾನು ಹೇಳುತ್ತೇನೆ.

ಪ್ರಿ-ಔಟ್ ಇಲ್ಲದಿದ್ದರೆ ಮಾತ್ರ 4 ಓಮ್‌ಗೆ ಒಪ್ಪುವ ಬೇರೆ ರಿಸೀವರಿನ ಯೋಚನೆ ಮಾಡಬೇಕಾಗುತ್ತದೆ. ರಿಸೀವರಿನ ಸ್ಪೀಕರ್ ಟರ್ಮಿನಲ್ಲಿನಿಂದ ನೇರವಾಗಿ ಆಂಪ್ಲಿಫೈಯರಿನ ಆರ್‌ಸಿಎ ಇನ್‌ಪುಟ್‌ಗೆ ವೈರ್ ಎಳೆಯುವ ಸಾಹಸ ಬೇಡ, ಎರಡೂ ಹಾಳಾಗಬಹುದು.

ಸ್ಪೀಕರಿಗೆ 2.5 ಚದರ ಮಿಲಿಮೀಟರಿನ ತಾಮ್ರದ ವೈರ್ ಎಳೆಯಿರಿ. 8 ಮೀಟರ್ ದೂರಕ್ಕೆ ಹೋಗಿಬರುವ ಹಾದಿಯ ರೋಧ ಅದರಲ್ಲಿ ಸುಮಾರು 0.13 ಓಮ್, 1 ಚದರ ಮಿಲಿಮೀಟರಿನದರಲ್ಲಿ 0.3 ಓಮ್, 4 ಓಮ್‌ನ ಸ್ಪೀಕರಿಗೆ ಈ ವ್ಯತ್ಯಾಸ ಸಣ್ಣದಲ್ಲ. ರಿಸೀವರ್ ಮತ್ತು ಆಂಪ್ಲಿಫೈಯರ್ ಎರಡನ್ನೂ ಒಂದೇ ಸ್ವಿಚ್‌ಬೋರ್ಡಿಗೆ, ಅರ್ಥಿಂಗ್ ಸರಿಯಿರುವ ಸಾಕೆಟ್ಟಿಗೆ ಹಾಕಿದರೆ ‘ಗುಂಯ್’ ಎನ್ನುವ ಸದ್ದು ಬಹುಮಟ್ಟಿಗೆ ಬರುವುದಿಲ್ಲ. ಹಚ್ಚುವಾಗ ಮೊದಲು ರಿಸೀವರ್, ನಂತರ ಆಂಪ್ಲಿಫೈಯರ್. ಆರಿಸುವಾಗ ಮೊದಲು ಆಂಪ್ಲಿಫೈಯರ್. ಸೇರಿಸಿದ ಮೇಲೆ ರಿಸೀವರಿನ ಸ್ವಯಂ ಹೊಂದಾಣಿಕೆಯನ್ನು ಮೈಕ್ ಇಟ್ಟು ಮತ್ತೊಮ್ಮೆ ಓಡಿಸಿ, ಏಕೆಂದರೆ ಹೊಸ ಆಂಪ್ಲಿಫೈಯರಿನ ಗೇನ್ (ಸಿಗ್ನಲ್ಲನ್ನು ಹಿಗ್ಗಿಸುವ ಪ್ರಮಾಣ) ಹಳೆಯದಕ್ಕಿಂತ ಬೇರೆಯೇ ಇರುತ್ತದೆ.