ಲೋಟದ ನೀರು ತುಳುಕದ ರಸ್ತೆ

ಪತ್ರ: ಮಗನ ಮನೆಯಲ್ಲಿರಲು ಶಿಕಾಗೊಗೆ ಹೋಗಿ ಮೂರು ತಿಂಗಳು ಇದ್ದು ಬಂದೆ. ಡ್ಯಾನ್ ರಯಾನ್ ಹೆದ್ದಾರಿಯಲ್ಲಿ ಹೋದರೆ ಲೋಟದ ನೀರೂ ತುಳುಕುವುದಿಲ್ಲ. ರಿಚರ್ಡ್ ಡೇಲಿಯಂಥ ಗಟ್ಟಿ ಮೇಯರ್ ಇದ್ದುದರಿಂದ ಅದು ಊರಾಯಿತು. ಕಳೆದ ಸಂಚಿಕೆಯಲ್ಲಿ ನೀವು ಬರೀ ಗಲಭೆ, ಕೊಳೆಗೇರಿ ಎಂದಿದ್ದೀರಿ. ಒಳ್ಳೆಯದು ಕಾಣಲಿಲ್ಲವೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಕಂಡಿತು ಸ್ವಾಮಿ. ಡೇಲಿ 1955ರಿಂದ 1976ರಲ್ಲಿ ತೀರಿಕೊಳ್ಳುವವರೆಗೆ ಮೇಯರ್ ಆಗಿದ್ದರು. 1975ರಲ್ಲಿ ನ್ಯೂಯಾರ್ಕ್ ದಿವಾಳಿಯ ಅಂಚಿಗೆ ಬಂದಾಗ ಶಿಕಾಗೊದ ಲೆಕ್ಕಪತ್ರ ನೆಟ್ಟಗಿತ್ತು. ಒಪ್ಪಿದೆ.

ಆದರೆ ಆ ರಸ್ತೆಯ ಎಡಬಲ ನೋಡಿದಿರಾ? ಪಶ್ಚಿಮಕ್ಕೆ ಬ್ರಿಡ್ಜ್‌ಪೋರ್ಟ್, ಡೇಲಿ ಹುಟ್ಟಿ ಬಾಳಿದ ಬಿಳಿಯರ ಕೇರಿ. ಪೂರ್ವಕ್ಕೆ, ಹದಿನಾಲ್ಕು ಲೇನುಗಳ ಆಚೆ, 1962ರಲ್ಲಿ ಮುಗಿದ ರಾಬರ್ಟ್ ಟೇಲರ್ ಹೋಮ್ಸ್ ಎಂಬ, ಬಡವರಿಗಾಗಿ ಕಟ್ಟಿದ ಸರಕಾರಿ ವಸತಿ: ಹದಿನಾರು ಅಂತಸ್ತಿನ 28 ಕಟ್ಟಡ, 4,400ಕ್ಕೂ ಹೆಚ್ಚು ಮನೆ, ಹೆಚ್ಚುಕಡಿಮೆ ಎಲ್ಲರೂ ಕಪ್ಪು ಜನ. ಹೊರಗೋಡೆಯುದ್ದಕ್ಕೂ ತೆರೆದ ಜಗಲಿ, ಅದಕ್ಕೆ ನೆಲದಿಂದ ಸೂರಿನವರೆಗೆ ತಂತಿ ಬಲೆ. ಲಿಫ್ಟ್ ಕೆಟ್ಟಿತೆಂದರೆ ದಿನಸಿ ಚೀಲ ಹೊತ್ತು ಹದಿನಾರು ಮಹಡಿ ಹತ್ತಬೇಕು.

ಹೆಸರಿನ ಕಥೆ ಕೇಳಿ. ರಾಬರ್ಟ್ ಟೇಲರ್ ನಗರದ ವಸತಿ ಪ್ರಾಧಿಕಾರದ ಅಧ್ಯಕ್ಷರಾಗಿದ್ದ ಕಪ್ಪು ವ್ಯಕ್ತಿ. ಬಡವರ ಮನೆಗಳು ಊರ ತುಂಬ ಹರಡಲಿ, ಬಿಳಿಯರ ವಾರ್ಡುಗಳಲ್ಲೂ ಇರಲಿ ಎಂದವರು. ನಗರಸಭೆಯ ಸದಸ್ಯರು ಬಿಲ್‌ಕುಲ್ ಒಪ್ಪಲಿಲ್ಲ. 1950ರಲ್ಲಿ ರಾಜೀನಾಮೆ ಕೊಟ್ಟು ಹೊರನಡೆದರು. ಅವರು ಬೇಡವೆಂದ ಹಾಗೆಯೇ ಕಟ್ಟಿದರು, ಅವರದೇ ಹೆಸರಿಟ್ಟರು! ಬದುಕಿದ್ದಾಗ ಮಾತು ಕೇಳದೆ, ಸತ್ತ ಮೇಲೆ ನಾಮಫಲಕ ಹಾಕುವ ಈ ವಿದ್ಯೆ ನಮಗೂ ಹೊಸದಲ್ಲ ಬಿಡಿ.

ಗಲಭೆ ಯಾಕೆ ಬರೆದಿರಿ ಎಂದು ಕೇಳುತ್ತೀರಿ. 1919ರ ಜುಲೈನಲ್ಲಿ ಯೂಜೀನ್ ವಿಲಿಯಮ್ಸ್ ಎಂಬ ಹದಿನೇಳರ ಕಪ್ಪು ಹುಡುಗ ಮಿಶಿಗನ್ ಸರೋವರದಲ್ಲಿ ತೆಪ್ಪದ ಮೇಲೆ ತೇಲುತ್ತ ಬಿಳಿಯರ ಪಾಲಿನ ನೀರಿಗೆ ಬಂದ. ನೀರಿಗೇನು ಬೇಲಿ ಇತ್ತೇ? ಕಲ್ಲು ಬಿತ್ತು, ಹುಡುಗ ಮುಳುಗಿದ. ಕಲ್ಲೆಸೆದವನನ್ನು ಪೊಲೀಸಿನವನು ಹಿಡಿಯಲಿಲ್ಲ. ಮುಂದಿನ ದಿನಗಳಲ್ಲಿ ಸತ್ತವರು 38 ಮಂದಿ. 1983ರಲ್ಲಿ ಹ್ಯಾರಲ್ಡ್ ವಾಷಿಂಗ್ಟನ್ ಮೊದಲ ಕಪ್ಪು ಮೇಯರ್ ಆದಾಗಲೂ ನಗರಸಭೆಯ ಐವತ್ತರಲ್ಲಿ 29 ಜನ ಒಟ್ಟಾಗಿ ಅವರ ಕೈ ಕಟ್ಟಿಹಾಕಿದರು.

ನನ್ನ ಮೇಜಿಗೆ ಬರುವ ಅಮೆರಿಕ ಪ್ರವಾಸ ಕಥನಗಳಲ್ಲಿ ಶಿಕಾಗೊ ಎಂದರೆ ವಿವೇಕಾನಂದರ ಭಾಷಣ, ಎತ್ತರದ ಕಟ್ಟಡ, ಮಗನ ಫ್ರಿಜ್ಜು. ನಿಮ್ಮ ಕಣ್ಣು ಅದಕ್ಕಿಂತ ಚುರುಕು, ಪತ್ರದಲ್ಲೇ ಗೊತ್ತಾಗುತ್ತದೆ. ಮತ್ತೆ ಹೋದಾಗ ಕಾರು ಬಿಡಿ. ಹೆದ್ದಾರಿಯ ನಡುವೆಯೇ ರೈಲು ಓಡುತ್ತದೆ. 47ನೇ ರಸ್ತೆಯ ನಿಲ್ದಾಣದಲ್ಲಿ ಇಳಿದು ಪೂರ್ವಕ್ಕೆ ಸ್ಟೇಟ್ ಸ್ಟ್ರೀಟಿನವರೆಗೆ ನಡೆಯಿರಿ. ಆ 28 ಕಟ್ಟಡಗಳನ್ನು 2007ರ ಹೊತ್ತಿಗೆ ಪೂರ್ತಿ ಕೆಡವಿದರು. ಅಲ್ಲಿ ಈಗ ಏನಿದೆ, ಬರೆದು ಕಳಿಸಿ, ಅಚ್ಚು ಹಾಕುತ್ತೇನೆ.
– ಸಂ.