ಮಲ್ಪೆಯ ಸೆಕೆಗೆ ಓವರ್‌ಕ್ಲಾಕ್ ಬೇಕಾ?

ಪ್ರಶ್ನೆ: ಗೇಮ್ ಆಡಲು ಗ್ರಾಫಿಕ್ಸ್ ಕಾರ್ಡ್ ತಗೊಳ್ಳಬೇಕು. ಎನ್ವಿಡಿಯಾದ ಆರ್‌ಟಿಎಕ್ಸ್ 5080 ಒಳ್ಳೆಯದಾ, ಎಎಂಡಿಯ ಆರ್‌ಎಕ್ಸ್ 9070 ಎಕ್ಸ್‌ಟಿ ಒಳ್ಳೆಯದಾ? ನನ್ನದು 1440ಪಿ (2560×1440 ರೆಸಲ್ಯೂಶನ್) ಮಾನಿಟರ್, 750 ವಾಟ್ ಎಸ್‌ಎಂಪಿಎಸ್ (ಕಂಪ್ಯೂಟರ್‌ಗೆ ಕರೆಂಟ್ ಕೊಡುವ ಪವರ್ ಸಪ್ಲೈ). ಕೋಣೆಗೆ ಎಸಿ ಇಲ್ಲ. ಓವರ್‌ಕ್ಲಾಕ್ ಮಾಡಿದರೆ, ಅಂದರೆ ಚಿಪ್ ಅನ್ನು ಕಂಪನಿ ಇಟ್ಟ ವೇಗಕ್ಕಿಂತ ಜೋರಾಗಿ ಓಡಿಸಿದರೆ, 9070 ಎಕ್ಸ್‌ಟಿ 5080ರ ಮಟ್ಟಕ್ಕೆ ಬರುತ್ತದಾ?
– ಓದುಗರೊಬ್ಬರು, ಮಲ್ಪೆ

ಉತ್ತರ: ಬರುವುದಿಲ್ಲ. ಆದರೂ ನಿಮಗೆ 9070 ಎಕ್ಸ್‌ಟಿಯನ್ನೇ ಹೇಳುತ್ತೇನೆ. ಎರಡರಲ್ಲೂ 16 ಜಿಬಿ ಮೆಮೊರಿ ಇದೆ. 5080ರದ್ದು ಜಾಸ್ತಿ ವೇಗದ ಜಿಡಿಡಿಆರ್7. ಗೇಮ್‌ನ ಬೆಳಕು, ನೆರಳನ್ನು ನಿಜದಂತೆ ತೋರಿಸುವ ರೇ ಟ್ರೇಸಿಂಗ್‌ನಲ್ಲೂ ಅದೇ ಮುಂದೆ. ಆದರೆ ಅದು 360 ವಾಟ್‌ನ ಕಾರ್ಡ್, ಅದಕ್ಕೆ ಎನ್ವಿಡಿಯಾ ಹೇಳುವ ಎಸ್‌ಎಂಪಿಎಸ್ 850 ವಾಟ್. 9070 ಎಕ್ಸ್‌ಟಿ 304 ವಾಟ್‌ನದು, ನಿಮ್ಮ 750 ಸಾಕು. 1440ಪಿಗೆ ಇದು ಧಾರಾಳ.

ಇನ್ನು ಓವರ್‌ಕ್ಲಾಕ್. ಕಾರ್ಡ್ ಎಳೆಯುವ ಕರೆಂಟೆಲ್ಲ ಕೊನೆಗೆ ಕೋಣೆಯ ಬಿಸಿಯೇ ಆಗುತ್ತದೆ. ಏಪ್ರಿಲ್‌ನಲ್ಲಿ ನಮ್ಮ ಕರಾವಳಿಯ ಸೆಕೆ ಗೊತ್ತಲ್ವಾ? ಫ್ಯಾನ್ ಎಷ್ಟೇ ಜೋರಾಗಿ ತಿರುಗಿದರೂ ಕೋಣೆಯ ಗಾಳಿಗಿಂತ ತಂಪು ಮಾಡಲಾರದು. ಸುಮ್ನೆ ಸೆಕೆಂಡಿಗೆ ಮೂರು ನಾಲ್ಕು ಫ್ರೇಮ್ ಜಾಸ್ತಿ ಸಿಗಲೆಂದು ಬೆವರುವುದು ಯಾಕೆ? ಅಂಡರ್‌ವೋಲ್ಟ್ ಮಾಡಿ, ಅಂದರೆ ಚಿಪ್‌ಗೆ ಹೋಗುವ ವೋಲ್ಟೇಜ್ ಇಳಿಸಿ; ನನಗೆ ತುಂಬಾ ಇಷ್ಟದ ಕೆಲಸ ಇದು. ಎಎಂಡಿಯ ಅಡ್ರಿನಾಲಿನ್ ಸಾಫ್ಟ್‌ವೇರ್‌ನಲ್ಲಿ ಟ್ಯೂನಿಂಗ್ ತೆರೆಯಿರಿ. ವೋಲ್ಟೇಜ್ ಆಫ್‌ಸೆಟ್ ಅನ್ನು 20 ಮಿಲಿವೋಲ್ಟ್‌ನಂತೆ ಇಳಿಸುತ್ತಾ ಹೋಗಿ. ಅದೇ ವಾಟ್‌ನಲ್ಲಿ ಚಿಪ್ ಇನ್ನೂ ವೇಗವಾಗಿ ಓಡುತ್ತದೆ. ಬಿಸಿಯೂ ಕಡಿಮೆ ಆಗಬೇಕಾದರೆ ಪವರ್ ಲಿಮಿಟ್ (ಕಾರ್ಡ್ ಎಳೆಯಬಹುದಾದ ವಾಟ್‌ನ ಮಿತಿ) ಕೂಡ ಇಳಿಸಿ. ಪ್ರತಿ ಹೆಜ್ಜೆಗೂ ನಿಮ್ಮ ಅತಿ ಭಾರದ ಗೇಮ್ ಒಂದು ಗಂಟೆ ಆಡಿ ನೋಡಿ. ಕ್ರ್ಯಾಶ್ ಆದರೆ ಹಿಂದಿನ ಹೆಜ್ಜೆಗೆ ಬನ್ನಿ. ಗೆಳೆಯನ ಸೆಟ್ಟಿಂಗ್ ಹಾಗೇ ಹಾಕಬೇಡಿ, ಒಂದೊಂದು ಚಿಪ್ ಒಂದೊಂದು ಥರ.

ಕಂಪ್ಯೂಟರ್ ಕ್ಯಾಬಿನೆಟ್ ಕಡಲ ಕಡೆಯ ಕಿಟಕಿ ಹತ್ತಿರ ಇದ್ದರೆ ಮೊದಲು ಅದನ್ನು ಸರಿಸಿ. ಉಪ್ಪುಗಾಳಿಗೆ ಲೋಹದ ಭಾಗಗಳು ಬೇಗ ತುಕ್ಕು ಹಿಡಿಯುತ್ತವೆ.