ಮುಗ್ಧ ಹಳ್ಳಿ ಹುಡುಗ ಸೇನೆಗೆ ಸೇರುವ ಆ ಹಳೇ ಹಾಲಿವುಡ್ ಕಾಮಿಡಿ ಯಾವುದು?

ಅದು 1958ರ ‘ನೋ ಟೈಮ್ ಫಾರ್ ಸಾರ್ಜೆಂಟ್ಸ್’ ಇರಬೇಕು. ಜಾರ್ಜಿಯಾದ ಹಳ್ಳಿಯಿಂದ ಏರ್‌ಫೋರ್ಸ್‌ಗೆ ಬರುವ ವಿಲ್ ಸ್ಟಾಕ್‌ಡೇಲ್ ಆಗಿ ಆಂಡಿ ಗ್ರಿಫಿತ್ ನಟಿಸಿದ್ದಾರೆ.

ಸಾರ್ಜೆಂಟ್ ಕಿಂಗ್‌ಗೆ ಇವನೊಂದು ತಲೆನೋವು. ದೊಡ್ಡ ಹುದ್ದೆ ಅನ್ನೋ ಹಾಗೆ ನಂಬಿಸಿ ಕಕ್ಕಸು ತೊಳೆಯುವ ಕೆಲಸ ಅಂಟಿಸುತ್ತಾನೆ. ಇವನೋ, ನಿಜಕ್ಕೂ ಮರ್ಯಾದೆ ಸಿಕ್ಕಿತೆಂದು ಹಿಗ್ಗಿ ಎಲ್ಲವನ್ನೂ ಫಳಫಳ ಹೊಳೆಸುತ್ತಾನೆ. ಇನ್‌ಸ್ಪೆಕ್ಷನ್‌ಗೆ ಕ್ಯಾಪ್ಟನ್ ಬಂದಾಗ ಕಮೋಡ್ ಸೀಟುಗಳೆಲ್ಲ ಸಾಲಾಗಿ ಮೇಲೆದ್ದು ಸಲ್ಯೂಟ್ ಹೊಡೆಯುತ್ತವೆ! ವಿಲ್ ಮುಖದಲ್ಲಿ ತಮಾಷೆಯ ಸುಳಿವೇ ಇಲ್ಲ, ಬರೀ ಹೆಮ್ಮೆ. ನಗು ಬರೋದೇ ಅಲ್ಲಿ, ಅಲ್ವಾ?

ಕೈಚಳಕದ ಪರೀಕ್ಷೆ ನಡೆಸುವ ಸಿಡುಕು ಕಾರ್ಪೊರಲ್ ಆಗಿ ನಟ ಡಾನ್ ನಾಟ್ಸ್ ಇದ್ದಾರೆ. ಚಿಕ್ಕ ಪಾತ್ರ, ಆದರೆ ತಪ್ಪಿಸಿಕೊಳ್ಳಬೇಡಿ. ಕೊನೆಯ ಭಾಗ ಸ್ವಲ್ಪ ಜಾಸ್ತಿಯೇ ಎಳೆದಿದ್ದಾರೆ.